ಒಗರಿನಿಂದ ಮೂಡಿದ ಚಿತ್ರ

ಖಾನಾಪುರದ ಕಾಡಿನಲ್ಲಿ ಅಳಲೆ ಮರಕ್ಕೆ ಬರವಿಲ್ಲ. ಜಾಂಬೋಟಿ, ಕಣಕುಂಬಿ ಕಡೆ ಅದನ್ನು ಹಿರಡಾ ಅಂತಲೂ ಕರೆಯುತ್ತಾರೆ. ಒಣಗಿದ ಕಾಯಿ ನೋಡಲಿಕ್ಕೆ ಏನೂ ಅಲ್ಲ, ಏಣು ಏಣಾಗಿ ಸುಕ್ಕುಗಟ್ಟಿದ, ಕಲ್ಲಿನಂತೆ ಗಟ್ಟಿಯಾದ ಕಂದು ಕಾಯಿ. ಅದನ್ನು ಜಜ್ಜಿ ಒಂದು ರಾತ್ರಿ ನೀರಿನಲ್ಲಿ ನೆನೆ ಹಾಕಿ, ಬೆಳಿಗ್ಗೆ ಆ ಹಳದಿಗೆಂಪು ನೀರಿಗೆ ಒಂದು ತುಕ್ಕು ಹಿಡಿದ ಮೊಳೆ ಬಿಡಬೇಕು. ಮೊಳೆಯ ಸುತ್ತ ಕಪ್ಪು ಎಳೆಗಳು ಎದ್ದು ತಳಕ್ಕೆ ಇಳಿಯುತ್ತವೆ. ಬಿಟ್ಟು ಬಂದು ನೋಡಿದರೆ ಬಟ್ಟಲು ತುಂಬ ಮಸಿ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಕಟ್ಟುವವರಿಗೆ ಈ ಕಾಯಿ ಬಹಳ ಹಳೆಯ ಪರಿಚಯ. ಜಾಲಿಯ ತೊಗಟೆ ಮತ್ತು ಅಳಲೆಕಾಯಿ ಹಾಕಿದ ನೀರಿನಲ್ಲೇ ಅವರ ಚರ್ಮ ಹದಕ್ಕೆ ಬರುವುದು.

ಆ ಒಗರಿನಲ್ಲಿ ಗ್ಯಾಲಿಕ್ ಆಮ್ಲವಿದೆ. ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ, ಕಣ್ಣಿಗೆ ಕಾಣದೆ ಕೂತಿದ್ದ ಚಿತ್ರವನ್ನು ಮೊಟ್ಟಮೊದಲು ಹೊರಗೆ ಕರೆದ ದ್ರವ, ಅಂದರೆ ಡೆವಲಪರ್, ಅದರದೇ.

ಬೆಳಗಾವಿಯ ಹಿಂದವಾಡಿಯ ನಮ್ಮ ಓಣಿಯಲ್ಲಿ ಅಜ್ಜನ ಕಾಲದ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕಪ್ಪು-ಬಿಳುಪು ರೋಲು ತರಿಸಿಕೊಳ್ಳುವ ಹುಡುಗ ಹುಡುಗಿಯರು ಮತ್ತೆ ಕಾಣಿಸತೊಡಗಿದ್ದಾರೆ. ನನ್ನ ಬಚ್ಚಲಮನೆಯೇ ಡಾರ್ಕ್‌ರೂಮ್ ಅಂತ ಗೊತ್ತಿದ್ದವರು ಬಂದು ಕೇಳುವ ಮೊದಲ ಪ್ರಶ್ನೆ ಒಂದೇ: "ಕಾಕಾ, ಯಾವ ಡೆವಲಪರ್ ತರಸ್ಲಿ?" ಅವರು ಒಂದು ಹೆಸರು ಕೇಳುತ್ತಿರುತ್ತಾರೆ. ನಾನು ಕತೆ ಹೇಳಲಿಕ್ಕೆ ಕೂಡುತ್ತೇನೆ. ಯಾಕಂದರೆ ಒಂದೊಂದು ಡೆವಲಪರ್ ಕೂಡ ಯಾರದೋ ಒಂದು ನಿರ್ದಿಷ್ಟ ತೊಂದರೆಗೆ ಸಿಕ್ಕ ಉತ್ತರ. ಆ ತೊಂದರೆ ಯಾವುದು ಅಂತ ತಿಳಿದರೆ, ಅದು ನಮ್ಮ ತೊಂದರೆಯೂ ಹೌದೋ ಅಲ್ಲವೋ ಅನ್ನುವುದು ತಾನಾಗಿ ತಿಳಿಯುತ್ತದೆ. ಡಬ್ಬಿಯ ಮೇಲಿನ ಜಾಹೀರಾತಿನಿಂದ ಅದು ತಿಳಿಯುವುದಿಲ್ಲ.

ಕತೆ ಶುರುವಾಗುವುದು ಚರ್ಮದಿಂದಲೇ. ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಬೆಳ್ಳಿಯ ನೈಟ್ರೇಟ್ ಸವರಿದ ಕಾಗದ ಮತ್ತು ಬಿಳಿ ಚರ್ಮವನ್ನು ಬಿಸಿಲಿಗೆ ಹಿಡಿದು ನೆರಳಿನ ಅಚ್ಚು ತೆಗೆಯುತ್ತಿದ್ದ. ಕಾಗದಕ್ಕಿಂತ ಚರ್ಮ ಬೇಗ ಕಪ್ಪಾಗುತ್ತದೆ ಎಂಬ ಸಂಗತಿಯನ್ನು 1802ರಲ್ಲಿ ಹಂಫ್ರಿ ಡೇವಿ ಬರೆದು ಪ್ರಕಟಿಸಿದ. ಅಚ್ಚನ್ನು ಉಳಿಸಿಕೊಳ್ಳುವ ಉಪಾಯ ಮಾತ್ರ ಅವರಿಗೆ ಸಿಗಲಿಲ್ಲ. ಹಲವು ವರ್ಷಗಳ ಮೇಲೆ ಜೆ. ಬಿ. ರೀಡ್ ಎಂಬ ಪಾದ್ರಿ, ಸೂಕ್ಷ್ಮದರ್ಶಕದ ಹುಚ್ಚಿನವನು, ಈ ಮಾತನ್ನು ಹಿಡಿದುಕೊಂಡ. ಮುಂದೆ ಅವನೇ ಹೇಳಿಕೊಂಡಂತೆ, ಹೆಂಡತಿಯ ಬಿಳಿ ಚರ್ಮದ ಕೈಗವಸನ್ನು ಕತ್ತರಿಸಿ ಪ್ರಯೋಗ ಮಾಡಿದ. ಎರಡನೆಯ ಜೊತೆ ಕೇಳಿದಾಗ ಆಕೆ ಒಪ್ಪಲಿಲ್ಲ. ಹಾಗಾದರೆ ಕಾಗದವನ್ನೇ ಚರ್ಮದಂತೆ ಹದ ಮಾಡುತ್ತೇನೆ ಅಂದುಕೊಂಡು ಮಾಚಿಕಾಯಿಯ ಕಷಾಯವನ್ನು ಕಾಗದಕ್ಕೆ ಸವರಿದ. ಓಕ್ ಮರದ ಟೊಂಗೆಯಲ್ಲಿ ಹುಳದಿಂದ ಆಗುವ ಆ ಗಂಟಿನಲ್ಲಿ ಗ್ಯಾಲಿಕ್ ಆಮ್ಲ ಧಾರಾಳ. ಬೆಳ್ಳಿ ಸವರಿದ ಕಾಗದ ಹಿಂದೆಂದೂ ಇಲ್ಲದಷ್ಟು ಚುರುಕಾಯಿತು. ಚರ್ಮದ ಗುಣವೆಲ್ಲ ಅದರ ಹದದ ಒಗರಿನಲ್ಲಿದೆ ಎಂಬ ಅವನ ಊಹೆ ಕೆಲಸ ಮಾಡಿತ್ತು.

ಆದರೂ ನಿಜವಾದ ಕಂಡುಹಿಡಿತ ನಡೆದದ್ದು 1840ರ ಸೆಪ್ಟೆಂಬರಿನಲ್ಲಿ, ವಿಲ್ಟ್‌ಷೈರಿನ ಲೇಕಾಕ್ ಆ್ಯಬಿಯಲ್ಲಿ. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಬೇರೆ ಬೇರೆ ರೀತಿ ತಯಾರಿಸಿದ ಕಾಗದದ ತುಂಡುಗಳನ್ನು ಕ್ಯಾಮೆರಾದಲ್ಲಿ ಬಹಳ ಸ್ವಲ್ಪ ಹೊತ್ತು ಇಟ್ಟು ತೆಗೆಯುತ್ತಿದ್ದ. ಯಾವುದು ಹೆಚ್ಚು ಚುರುಕು ಅಂತ ನೋಡುವುದಷ್ಟೇ ಉದ್ದೇಶ. ಒಂದು ತುಂಡನ್ನು ಮೇಣದಬತ್ತಿಯ ಬೆಳಕಿನಲ್ಲಿ ನೋಡಿದ, ಇದ್ದರೂ ಇಲ್ಲದಂತೆ ಏನೋ ಕಂಡಿತು. ಕತ್ತಲ ಕೋಣೆಯ ಮೇಜಿನ ಮೇಲೆ ಅದನ್ನು ಬಿಟ್ಟು ಹೋದ. ಮರಳಿ ಬಂದು ಎತ್ತಿ ನೋಡಿದರೆ ಕಾಗದದ ತುಂಬ ಸ್ಪಷ್ಟ ಚಿತ್ರ. ಯಾರೂ ಮುಟ್ಟಿಲ್ಲ, ಬೆಳಕು ತಾಗಿಲ್ಲ. ಅವನ ಪುಣ್ಯಕ್ಕೆ ಆ ತುಂಡನ್ನು ಹೇಗೆ ತಯಾರಿಸಿದ್ದೆ ಅನ್ನುವುದು ನೆನಪಿತ್ತು. ಬೆಳ್ಳಿಯ ನೈಟ್ರೇಟಿನ ಜೊತೆ ಗ್ಯಾಲಿಕ್ ಆಮ್ಲ ಸೇರಿಸಿ ಸವರಿದ್ದ ಕಾಗದ ಅದು.

ಈ ಒಂದು ಗಳಿಗೆಯನ್ನು ನಾನು ಎಷ್ಟು ಹೇಳಿದರೂ ನನಗೆ ಸಾಲದು. ಅಲ್ಲಿಯ ತನಕ ಕಾಗದದ ಮೇಲೆ ಚಿತ್ರ ತೆಗೆಯುವ ಎಲ್ಲರೂ ಬೆಳಕೇ ಪೂರ್ತಿ ಕೆಲಸ ಮಾಡಬೇಕು ಅಂತ ಕಾದು ಕೂತಿದ್ದರು, ಗಂಟೆಗಟ್ಟಲೆ. ಬೆಳಕು ಬರೀ ಹೆಪ್ಪು ಹಾಕಿದರೆ ಸಾಕು ಅಂತ ಆ ರಾತ್ರಿ ಗೊತ್ತಾಯಿತು. ಬೆಳಕು ಬಿದ್ದ ಬೆಳ್ಳಿಯ ಹರಳಿನಲ್ಲಿ ಕೆಲವೇ ಕೆಲವು ಪರಮಾಣುಗಳಷ್ಟು ಶುದ್ಧ ಬೆಳ್ಳಿ ಬಿಡುಗಡೆಯಾಗಿರುತ್ತದೆ. ಡೆವಲಪರ್ ಆ ಹರಳನ್ನು ಹುಡುಕಿ ಪೂರಾ ಬೆಳ್ಳಿಯಾಗಿ ತಿರುಗಿಸುತ್ತದೆ, ಬೆಳಕು ಕಾಣದ ಪಕ್ಕದ ಹರಳನ್ನು ಹಾಗೇ ಬಿಡುತ್ತದೆ. ಬೆಳಕು ಮಾಡಿದ ಕೆಲಸ ಕೋಟಿಗಟ್ಟಲೆ ಪಟ್ಟು ಹೆಚ್ಚುತ್ತದೆ. ಗಂಟೆ ಹಿಡಿಯುತ್ತಿದ್ದ ಚಿತ್ರ ಒಂದೆರಡು ನಿಮಿಷಕ್ಕೆ ಇಳಿಯಿತು. 1841ರ ಫೆಬ್ರವರಿಯಲ್ಲಿ ಟಾಲ್ಬಟ್ ಇದಕ್ಕೆ ಕ್ಯಾಲೋಟೈಪ್ ಅಂತ ಹೆಸರಿಟ್ಟು ಪೇಟೆಂಟ್ ಪಡೆದ. 1854ರಲ್ಲಿ ಪೇಟೆಂಟಿನ ವಿಚಾರ ಕೋರ್ಟಿಗೆ ಹೋದಾಗ ರೀಡ್‌ನ ಹಳೆಯ ಪ್ರಯೋಗವನ್ನು ಟಾಲ್ಬಟ್‌ನ ವಿರುದ್ಧ ಎತ್ತಿದರು. ಕ್ಯಾಲೋಟೈಪಿನ ಮೊದಲ ಶೋಧಕ ಟಾಲ್ಬಟನೇ ಎಂದು ಜ್ಯೂರಿ ಒಪ್ಪಿತು, ಎದುರಾಳಿ ಲರೋಶ್ ಮಾಡಿದ್ದು ತಪ್ಪಲ್ಲ ಅಂತಲೂ ಹೇಳಿತು.

ಅದೇ ಗ್ಯಾಲಿಕ್ ಆಮ್ಲ ನಮ್ಮ ನಾಡಿಗೆ ಬಂದದ್ದು ಸೈನ್ಯದ ಸಾಮಾನಿನ ಜೊತೆ. 1855ರಲ್ಲಿ ಮುಂಬಯಿ ಸರಕಾರ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಬೆಳಗಾವಿ, ಧಾರವಾಡ, ವಿಜಯಪುರ ಎಲ್ಲ ಆಗ ಮುಂಬಯಿ ಪ್ರಾಂತದಲ್ಲೇ ಇದ್ದವು. ಬಿಗ್ಸ್ ದಂಡಿಗೆ ಮರಳಿದ ಮೇಲೆ ಡಾಕ್ಟರ್ ಪಿಗೌ ಆ ಕೆಲಸ ಮುಂದುವರಿಸಿದ. ಅವರ ಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್‌ರ ಬರಹಗಳೊಂದಿಗೆ ದೊಡ್ಡ ಪುಸ್ತಕಗಳಾಗಿ ಬಂದವು. ವಿಜಯಪುರದ್ದು ಒಂದು, ಧಾರವಾಡ ಮತ್ತು ಮೈಸೂರಿನದು ಇನ್ನೊಂದು. ಹಂಪಿಯಲ್ಲಿ 1856ರಲ್ಲಿ ಮದರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಹದಿನಾರು ಹದಿನೆಂಟು ಇಂಚಿನಷ್ಟು ದೊಡ್ಡ, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು ಮಾಡಿದ. ಅವು 1980ರಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವನು ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದ.

ಇವರು ಕಾಗದಕ್ಕೇ ಯಾಕೆ ಅಂಟಿಕೊಂಡರು? 1851ರಲ್ಲೇ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಸುರಿದು ಚಿತ್ರ ತೆಗೆಯುವ ದಾರಿ ತೋರಿಸಿದ್ದ. ಅದು ಬೇಗ, ನಯವೂ ಹೌದು. ಆದರೆ ಗಾಜು ಒದ್ದೆ ಇರುವಾಗಲೇ ಚಿತ್ರ ತೆಗೆದು, ಅಲ್ಲೇ ಡೆವಲಪ್ ಮಾಡಿ ಮುಗಿಸಬೇಕು. ಕೊಲೋಡಿಯನ್ನಿನಲ್ಲಿ ಈಥರ್ ಇರುತ್ತದೆ, ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಅದು ಹಾರಿಹೋಗುವುದಕ್ಕೆ ಎಷ್ಟು ಹೊತ್ತು? ಗಾಜು ಒಡೆಯುತ್ತದೆ, ಭಾರವೂ ಬಹಳ. ಕಾಗದವಾದರೆ ಮಡಿಚಿದ ಬಟ್ಟೆಯ ನಡುವೆ ಇಟ್ಟುಕೊಂಡು ಹೋಗಬಹುದು. ಗ್ಯಾಲಿಕ್ ಆಮ್ಲಕ್ಕೂ ತನ್ನ ಕಷ್ಟವಿತ್ತು. ಬೆಳ್ಳಿಯ ನೈಟ್ರೇಟಿನ ಜೊತೆ ಸೇರಿಸಿದ ಮೇಲೆ ಸೆಕೆಯಲ್ಲಿ ಅದು ಬೇಗ ಕಂದಾಗಿ ಕದಡುತ್ತದೆ. ಅದನ್ನು ಹಿಡಿದು ನಿಲ್ಲಿಸಲಿಕ್ಕೆ ಅಸಿಟಿಕ್ ಆಮ್ಲ ಹಾಕುತ್ತಿದ್ದರು. ನಿಧಾನ, ಆದರೆ ಪ್ರವಾಸಕ್ಕೆ ಒಗ್ಗುವಂಥದ್ದು. ಇಂಗ್ಲೆಂಡಿನ ಸ್ಟುಡಿಯೋಗಳು ಕೈಬಿಟ್ಟ ವಿಧಾನ ಹಂಪಿಯ ಬಂಡೆಗಳ ನಡುವೆ ಉಪಯೋಗಕ್ಕೆ ಬಂತು. ಡೆವಲಪರ್ ಆಯ್ಕೆ ಅಂದರೆ ಏನು ಅಂತ ಕೇಳುವವರಿಗೆ ಕರ್ನಾಟಕದ ನೆಲದಲ್ಲಿ ನಡೆದ ಇಷ್ಟು ಹಳೆಯ ಉದಾಹರಣೆ ನನಗೆ ಇನ್ನೊಂದು ಗೊತ್ತಿಲ್ಲ.

ಗ್ಯಾಲಿಕ್ ಆಮ್ಲವನ್ನು ಕಾಸಿದರೆ ಬರುವ ಪೈರೊಗ್ಯಾಲಾಲ್ ಅದಕ್ಕಿಂತ ಎಷ್ಟೋ ಚುರುಕು. ಗಾಜಿನ ಪ್ಲೇಟಿನ ಕಾಲದಲ್ಲಿ, ಅದರಲ್ಲೂ 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಟಿನ್ ಒಣ ಪ್ಲೇಟಿನ ವಿಚಾರ ಮುಂದಿಟ್ಟ ಮೇಲೆ, ಪೈರೊ ಮನೆಮಾತಾಯಿತು. ಕೈಬೆರಳೆಲ್ಲ ಕಂದು, ಪ್ಲೇಟೂ ಕಂದು. ಗಾಳಿ ಸೋಕಿದರೆ ಕೆಡುತ್ತದೆ. 1882ರಲ್ಲಿ ಹರ್ಬರ್ಟ್ ಬರ್ಕ್‌ಲಿ ಅದಕ್ಕೆ ಸೋಡಿಯಂ ಸಲ್ಫೈಟ್ ಸೇರಿಸಿದ. ಗಾಳಿಯ ಆಮ್ಲಜನಕವನ್ನು ಸಲ್ಫೈಟ್ ತಾನೇ ಎಳೆದುಕೊಂಡು ಡೆವಲಪರನ್ನು ಕಾಯುತ್ತದೆ. ಇದು ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಮುಂದಿನ ನೂರು ವರ್ಷದ ಡೆವಲಪರುಗಳಲ್ಲಿ ಹೆಚ್ಚಿನವು ಈ ಒಂದು ಪುಡಿಯ ಮೇಲೆ ನಿಂತಿವೆ.

ಆ ಹೊತ್ತಿಗೆ ಜರ್ಮನಿಯಲ್ಲಿ ಬಣ್ಣದ ಕಾರ್ಖಾನೆಗಳು ಎದ್ದಿದ್ದವು. ಬಟ್ಟೆಗೆ ಬಣ್ಣ ಮಾಡಲು ಕಲ್ಲಿದ್ದಲ ಡಾಂಬರಿನಿಂದ ತೆಗೆದ ನೂರಾರು ಪದಾರ್ಥಗಳು ಬಾಟಲಿಗಳಲ್ಲಿ ಕೂತಿದ್ದವು. 1880ರಲ್ಲಿ ಇಂಗ್ಲೆಂಡಿನ ಆಬ್ನಿ ಹೈಡ್ರೋಕ್ವಿನೋನ್ ಡೆವಲಪರ್ ಆಗುತ್ತದೆ ಅಂತ ತೋರಿಸಿದ. ಆಗ್ಫಾ ಕಂಪನಿಯ ಮಾಮ್ಮೆ ಆಂಡ್ರೇಸನ್ ಒಂದೊಂದೇ ಪದಾರ್ಥವನ್ನು ಪರೀಕ್ಷಿಸುತ್ತ ಹೋದ. 1891ರಲ್ಲಿ ಅವನಿಗೂ ಫ್ರಾನ್ಸಿನ ಲುಮಿಯೇರ್ ಸಹೋದರರಿಗೂ ಬೇರೆ ಬೇರೆಯಾಗಿ ಒಂದು ನಿಯಮ ಹೊಳೆಯಿತು. ಬೆಂಜೀನ್ ಉಂಗುರದ ಮೇಲೆ ಹೈಡ್ರಾಕ್ಸಿಲ್ ಅಥವಾ ಅಮೈನೋ ಗುಂಪು ಎರಡಿರಬೇಕು, ಅವು ಪಕ್ಕಪಕ್ಕ ಇರಬೇಕು, ಇಲ್ಲ ಎದುರುಬದುರು ಇರಬೇಕು. ಹಾಗಿದ್ದರೆ ಅದು ಡೆವಲಪರ್. ಗ್ಯಾಲಿಕ್ ಆಮ್ಲದಲ್ಲಿ ಪಕ್ಕಪಕ್ಕಕ್ಕೆ ಮೂರು ಹೈಡ್ರಾಕ್ಸಿಲ್ ಇವೆ. ಟಾಲ್ಬಟ್‌ಗೆ ಆಕಸ್ಮಿಕವಾಗಿ ದಕ್ಕಿದ್ದಕ್ಕೆ ಐವತ್ತು ವರ್ಷದ ನಂತರ ಕಾರಣ ಸಿಕ್ಕಿತು.

ಅದೇ ವರ್ಷ ಆಂಡ್ರೇಸನ್ ರೋಡಿನಲ್‌ಗೆ ಪೇಟೆಂಟ್ ಪಡೆದ. ಹೌಫ್ ಕಂಪನಿಯ ಆಲ್ಫ್ರೆಡ್ ಬೋಗಿಶ್ ಮೆಟಾಲ್ ಕಂಡುಹಿಡಿದದ್ದೂ ಅದೇ ವರ್ಷ. ರೋಡಿನಲ್ ಇಂದಿಗೂ ಮಾರಾಟಕ್ಕೆ ಸಿಗುತ್ತದೆ. ಪುಡಿ ಕರಗಿಸುವ ತಾಪತ್ರಯವಿಲ್ಲದೆ, ಬಾಟಲಿಯಿಂದ ನಾಲ್ಕು ಹನಿ ನೀರಿಗೆ ಹಾಕಿ ಬಳಸುವ ಗಾಢ ದ್ರವ ಬೇಕು ಎಂಬ ಬೇಡಿಕೆಗೆ ಹುಟ್ಟಿದ್ದು ಅದು. ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಹಾಗಾಗಿ ತಿಂಗಳಿಗೊಂದು ರೋಲು ತೊಳೆಯುವ ಹುಡುಗರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಒಂದು ಪಾಲಿಗೆ ಐವತ್ತು ಪಾಲು ನೀರು ಬೆರೆಸಿದಾಗ ಅದರಲ್ಲಿ ಸಲ್ಫೈಟ್ ತೀರ ಕಡಿಮೆ. ಬೆಳ್ಳಿಯ ಹರಳಿನ ಅಂಚು ಕರಗದೆ ಚೂಪಾಗಿ ಉಳಿಯುತ್ತದೆ, ಜೊತೆಗೆ ಕಣವೂ ಎದ್ದು ಕಾಣುತ್ತದೆ. ಹಲಸಿಯ ಭೂವರಾಹ ನರಸಿಂಹ ದೇವಸ್ಥಾನದ ಕಲ್ಲನ್ನು 100 ಐಎಸ್‌ಒ ಫಿಲ್ಮಿನಲ್ಲಿ ತೆಗೆದು ರೋಡಿನಲ್‌ನಲ್ಲಿ ತೊಳೆದರೆ ಉಳಿಯ ಏಟು ಎಣಿಸುವಂತೆ ಕಾಣುತ್ತದೆ. ಅದೇ 400ರ ಫಿಲ್ಮಿನಲ್ಲಿ ಮಗುವಿನ ಕೆನ್ನೆ ತೆಗೆದರೆ ಮರಳು ಎರಚಿದಂತೆ ಬರುತ್ತದೆ.

ಆ ಮರಳನ್ನು ಅಡಗಿಸುವ ಕೆಲಸ ಸಿನೆಮಾದವರಿಂದ ಆಯಿತು. ಸಿನೆಮಾದ ನೆಗೆಟಿವ್ ಒಂದೇ ಇರುತ್ತದೆ. ಅದರಿಂದ ಪ್ರತಿ, ಪ್ರತಿಯಿಂದ ಮತ್ತೊಂದು ನೆಗೆಟಿವ್, ಹೀಗೆ ಪ್ರತಿ ಸಲವೂ ಕಣ ಕೂಡುತ್ತ ಹೋಗುತ್ತದೆ. ನೆರಳಿನ ಒಳಗಿನ ವಿವರ ಕಳೆದುಹೋಗುತ್ತದೆ. 1926ರಲ್ಲಿ ಕೊಡಾಕ್ ಕಂಪನಿಯ ಜಾನ್ ಕ್ಯಾಪ್‌ಸ್ಟಾಫ್ ಇದಕ್ಕಾಗಿ ಒಂದು ಸೂತ್ರ ಕಟ್ಟಿದ. ಹೆಸರು ಡಿ-76. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರ್ಯಾಕ್ಸ್ 2 ಗ್ರಾಂ. ಇಷ್ಟೇ.

ಈ ನಾಲ್ಕು ಸಾಲನ್ನು ನಿಧಾನವಾಗಿ ಓದಬೇಕು. ಅದುವರೆಗೆ ಡೆವಲಪರಿಗೆ ವಾಷಿಂಗ್ ಸೋಡಾದಂಥ ಕ್ಷಾರ ಹಾಕಿ ಬಿರುಸಾಗಿ ಓಡಿಸುತ್ತಿದ್ದರು. ಕ್ಯಾಪ್‌ಸ್ಟಾಫ್ ಅದನ್ನು ತೆಗೆದು, ಸೌಮ್ಯವಾದ ಬೋರ್ಯಾಕ್ಸನ್ನು ಚಿಟಿಕೆಯಷ್ಟು ಇಟ್ಟ. ಅದು ನಮ್ಮ ಬಿಳಿಗಾರ, ಶಹಾಪುರದ ಪತ್ತಾರರು ಬೆಸುಗೆಗೆ ಬಳಸುವುದು. ಕಾವಲಿಗೆ ಅಂತ ಬಂದಿದ್ದ ಸಲ್ಫೈಟನ್ನು 100 ಗ್ರಾಂಗೆ ಏರಿಸಿದ. ಅಷ್ಟಾದಾಗ ಅದು ಕಾಯುವುದಷ್ಟೇ ಅಲ್ಲ, ಬೆಳ್ಳಿಯ ಹರಳಿನ ಅಂಚನ್ನು ಮೆಲ್ಲಗೆ ಕರಗಿಸುತ್ತದೆ, ಕಣ ನಯವಾಗುತ್ತದೆ. ಮೆಟಾಲ್ ಬೇಗ ಎದ್ದು ನೆರಳನ್ನು ಹಿಡಿಯುತ್ತದೆ, ದಣಿದ ಮೆಟಾಲ್‌ಗೆ ಹೈಡ್ರೋಕ್ವಿನೋನ್ ಮತ್ತೆ ಕಸುವು ತುಂಬುತ್ತದೆ. ಇಬ್ಬರೂ ಕೂಡಿ ಮಾಡುವ ಕೆಲಸ ಒಬ್ಬೊಬ್ಬರ ಕೆಲಸದ ಮೊತ್ತಕ್ಕಿಂತ ಹೆಚ್ಚು. 1925ರಲ್ಲಿ ಲೈಕಾ ಕ್ಯಾಮೆರಾ ಪೇಟೆಗೆ ಬಂದಿತ್ತು. 24×36 ಮಿಲಿಮೀಟರಿನ ಅದರ ಪುಟ್ಟ ನೆಗೆಟಿವನ್ನು ದೊಡ್ಡದು ಮಾಡುವವರಿಗೂ ಕಣದ್ದೇ ಕಾಟ. ಸಿನೆಮಾದ ಡೆವಲಪರ್ ಹಾಗೆ ಸ್ಟುಡಿಯೋಗಳಿಗೂ ಮನೆಗಳಿಗೂ ನಡೆಯಿತು. ಇಲ್‌ಫೋರ್ಡಿನ ಐಡಿ-11 ಕೂಡ ಇದೇ ಸೂತ್ರ. ನನ್ನ ಕಾಲದವರು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೋಲುಗಳನ್ನು ತೊಳೆದದ್ದೂ ಹೆಚ್ಚಾಗಿ ಇದರಲ್ಲೇ.

ಮನೆಯಲ್ಲಿ ಕಲಸುವವರು ಒಂದು ಕ್ರಮ ನೆನಪಿಡಬೇಕು. ಸಲ್ಫೈಟ್ ದಟ್ಟವಾಗಿರುವ ನೀರಿನಲ್ಲಿ ಮೆಟಾಲ್ ಕರಗುವುದಿಲ್ಲ. ಐವತ್ತು ಡಿಗ್ರಿಯಷ್ಟು ಬೆಚ್ಚಗಿನ ನೀರಿಗೆ ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಪೂರಾ ಕರಗಿದ ಮೇಲೆ ಉಳಿದ ಸಲ್ಫೈಟ್, ಹೈಡ್ರೋಕ್ವಿನೋನ್, ಕೊನೆಗೆ ಬೋರ್ಯಾಕ್ಸ್. ಚಮಚೆಯ ಕೆಳಗೆ ಮೆಟಾಲ್ ಮಸುಕು ಮೋಡದಂತೆ ಸುತ್ತಿ, ಇದ್ದಕ್ಕಿದ್ದಂತೆ ನೀರು ತಿಳಿಯಾಗುವುದನ್ನು ನೋಡುವುದೇ ಒಂದು ಸಂತೋಷ. ಪತ್ತಾರರ ಬಿಳಿಗಾರದಲ್ಲಿ ಬೆರಕೆ ಇರಬಹುದು, ಲ್ಯಾಬಿನ ದರ್ಜೆಯದನ್ನೇ ತರಬೇಕು.

ಡಿ-76ರ ಹೊತ್ತೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದದ್ದು. ಹಿಂದವಾಡಿಯಲ್ಲಿ ಮಳೆಗಾಲ, ಚಳಿಗಾಲದಲ್ಲಿ ಆ ಅಂಕಿಗೆ ಹತ್ತಿರ ಹೋಗಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಟಾಕಿಯ ನೀರು ಕೈಗೆ ಬೆಚ್ಚಗೆ ತಾಗುತ್ತದೆ. ಎಚ್‌ಪಿ5 ಫಿಲ್ಮಿಗೆ ನೀರು ಬೆರೆಸದ ಐಡಿ-11ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ಬೇಸಿಗೆಯ ನೀರಿನಲ್ಲಿ ಅದು ಐದು ನಿಮಿಷಕ್ಕಿಂತ ಕೆಳಗೆ ಇಳಿಯುತ್ತದೆ, ಅಷ್ಟು ಅವಸರದಲ್ಲಿ ಆಕಾಶದ ಭಾಗ ಪಟ್ಟೆ ಪಟ್ಟೆಯಾಗಿ ಬರುವ ಅಪಾಯವಿದೆ. ಸಮಸಮ ನೀರು ಬೆರೆಸಿದರೆ 20 ಡಿಗ್ರಿಗೆ ಹದಿಮೂರು ನಿಮಿಷ. ಸೆಕೆಯಲ್ಲಿ ಇಳಿದರೂ ಕೈಗೆ ಸಿಗುವಷ್ಟು ಹೊತ್ತು ಉಳಿಯುತ್ತದೆ. ಬೇಸಿಗೆಯಲ್ಲಿ ಸಮಸಮ ನೀರು ಬೆರೆಸಿಯೇ ಬಳಸಿ ಅಂತ ನಾನು ಹೇಳುವುದು ಅದಕ್ಕೇ. ಖಾನಾಪುರದ ಕುಂಬಾರರ ಮಡಿಕೆಯೂ ಇಲ್ಲಿ ದೊಡ್ಡ ಆಸರೆ. ಖಾದಿ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವ ಊರು ಅದು, ಅಲ್ಲಿಯ ಮಣ್ಣಿನ ಗುಣ ಹೇಳಬೇಕಿಲ್ಲ. ರಾತ್ರಿಯೇ ಮಡಿಕೆಯಲ್ಲಿ ನೀರು ತುಂಬಿ, ಡೆವಲಪರಿನ ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿಟ್ಟರೆ ಬೆಳಿಗ್ಗೆ ಬರ್ಫದ ಗೊಡವೆ ಬೇಡ. ಸೆಕೆಯ ದೇಶಗಳಿಗೆ ಅಂತಲೇ ಕೊಡಾಕ್ ಡಿಕೆ-15 ಎಂಬ ಸೂತ್ರ ಮಾಡಿತ್ತು. ಜೆಲಟಿನ್ ಉಬ್ಬದಂತೆ ಅದರಲ್ಲಿ ಸೋಡಿಯಂ ಸಲ್ಫೇಟ್ ಹಾಕುತ್ತಿದ್ದರು. ಇಂದಿನ ಫಿಲ್ಮಿನ ಪದರ ಗಟ್ಟಿ, ಬೆಳಗಾವಿಗೆ ಅಷ್ಟರ ಅಗತ್ಯವಿಲ್ಲ.

ಮೆಟಾಲ್‌ನಿಂದ ಕೆಲವರ ಕೈಗೆ ತುರಿಕೆ ಹತ್ತುತ್ತದೆ. 1940ರಲ್ಲಿ ಇಲ್‌ಫೋರ್ಡಿನ ಕೆಂಡಾಲ್ ಕಂಡ ಫೆನಿಡೋನ್ ಅದಕ್ಕೆ ಪರಿಹಾರವಾಯಿತು. ಅದನ್ನು ಬಳಸುವ ಮೈಕ್ರೋಫೆನ್ ನೆರಳಿನ ವಿವರವನ್ನು ಇನ್ನಷ್ಟು ಎಳೆದು ತರುತ್ತದೆ. ಗಣೇಶೋತ್ಸವದ ರಾತ್ರಿಯ ಮೆರವಣಿಗೆಯನ್ನು 400ರ ಫಿಲ್ಮಿಗೆ 1600 ಅಂತ ಹಾಕಿ ತೆಗೆಯುವವರು ಇದನ್ನು ತರಿಸಿಕೊಳ್ಳಬೇಕು.

ಕೊನೆಯ ಶೋಧ ಅಡಿಗೆಮನೆಯದು. 1995ರಲ್ಲಿ, ಕೊಡಾಕ್ ಕಂಪನಿಯ ಊರಾದ ರೋಚೆಸ್ಟರಿನಲ್ಲೇ, ಅಲ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸ್ಕಾಟ್ ವಿಲಿಯಮ್ಸ್ ತನ್ನ ವಿದ್ಯಾರ್ಥಿಗಳ ಜೊತೆ ಇನ್‌ಸ್ಟಂಟ್ ಕಾಫಿ ಮತ್ತು ವಾಷಿಂಗ್ ಸೋಡಾ ಕಲಸಿ ಫಿಲ್ಮ್ ತೊಳೆದು ತೋರಿಸಿದ. 1891ರ ನಿಯಮ ಬಲ್ಲವರಿಗೆ ಇದರ ಒಳಗುಟ್ಟು ಕಷ್ಟವಲ್ಲ. ಕಾಫಿಯ ಕೆಫೀಕ್ ಆಮ್ಲದಲ್ಲೂ ಬೆಂಜೀನ್ ಉಂಗುರದ ಮೇಲೆ ಎರಡು ಹೈಡ್ರಾಕ್ಸಿಲ್ ಪಕ್ಕಪಕ್ಕ ಕೂತಿವೆ. ನಮ್ಮನ್ನು ಎಚ್ಚರಿಸುವ ಕೆಫೀನ್‌ಗೂ ಈ ಕೆಲಸಕ್ಕೂ ಸಂಬಂಧವಿಲ್ಲ. ಮರುವರ್ಷವೇ ಕೊಡಾಕ್ ವಿಟಮಿನ್ ಸಿ ಆಧಾರಿತ ಎಕ್ಸ್‌ಟಾಲ್ ಡೆವಲಪರನ್ನು ಪೇಟೆಗೆ ತಂದಿತು. ಹೈಡ್ರೋಕ್ವಿನೋನ್ ಬಿಟ್ಟು ನಯವಾದ ಕಣ, ಚುರುಕು ಎರಡನ್ನೂ ಕೊಡುವ ಡೆವಲಪರ್ ಅದು. ಕಾಫಿಯವರೂ ವಿಟಮಿನ್ ಸಿ ಸೇರಿಸಿಕೊಂಡರು, ನಿಧಾನವಾಗಿದ್ದ ಕಾಫಿ ಡೆವಲಪರ್ ಚುರುಕಾಯಿತು.

ಹಣ ಕಡಿಮೆ, ಕುತೂಹಲ ಹೆಚ್ಚು ಇರುವ ಹುಡುಗರು ಬಂದರೆ ನಾನು ಈಗ ಈ ಸೂತ್ರವನ್ನು ಬರೆದುಕೊಡುತ್ತೇನೆ: ಒಂದು ಲೀಟರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ, 20 ಡಿಗ್ರಿಯಲ್ಲಿ ಹದಿನೈದು ನಿಮಿಷ. ಸೋಡಾ ಮೊದಲು ಕರಗಬೇಕು, ಆಮೇಲೆ ವಿಟಮಿನ್, ಕಾಫಿ ಕೊನೆಗೆ. ನೊರೆ ಇಳಿಯುವವರೆಗೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಗುಳ್ಳೆಗಳು ಫಿಲ್ಮಿಗೆ ಅಂಟಿ ಕಲೆ ಬೀಳುತ್ತವೆ. ದುಬಾರಿ ಅರೇಬಿಕಾ ಬೇಡ. ರೋಬಸ್ಟಾದಲ್ಲಿ ಬೇಕಾದ ಆಮ್ಲ ಹೆಚ್ಚು, ಕೊಡಗಿನಲ್ಲಿ ಬೆಳೆಯುವುದೂ ಬಹುಪಾಲು ಅದೇ. ವಾಸನೆ ಮಾತ್ರ ಕಟುವಾಗಿರುತ್ತದೆ, ಬಚ್ಚಲ ಕಿಟಕಿ ತೆರೆದಿಟ್ಟುಕೊಂಡೇ ಕಲಸಬೇಕು.